ಪ್ರಶ್ನೋತ್ತರ: ಆ್ಯಪ್ ರೋಗದ ಹೆಸರು ಹೇಳಿತು, ಎಣ್ಣೆ ಹೊಡೆಯಲೇ?

ಪ್ರಶ್ನೆ (ಆಳಂದ, ತೊಗರಿ): ಸರ್, ತೊಗರಿ ಹೂವಿಗೆ ಬಂದದ. ಹೊಲದಾಗ ಅಲ್ಲಲ್ಲಿ ಗಿಡ ಬಾಡಿ ಒಣಗಲಾಕತ್ತಾವ. ಆ್ಯಪಿಗೆ ಎಲಿ ಫೋಟೊ ಹಾಕಿದ್ರ ಒಮ್ಮೆ ನೆಟೆ ರೋಗ ಅಂತದ, ಇನ್ನೊಮ್ಮೆ ಪೊಟ್ಯಾಷ್ ಕೊರತೆ ಅಂತದ. ಯಾವುದು ಖರೆ? ಅಂಗಡಿಯವ್ರು ಎಣ್ಣಿ ಹೊಡೀರಿ ಅಂತ ಕುಂತಾರ.

ಉತ್ತರ (ಸಸ್ಯರೋಗ ತಜ್ಞರು): ಎಣ್ಣೆ, ಅಂದರೆ ಸಿಂಪಡಿಸುವ ಔಷಧಿ, ಸದ್ಯಕ್ಕೆ ಬೇಡ್ರಿ. ಬಾಡಿದ ಎಲೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಬೇರಿನಿಂದ ನೀರು ಏರುವುದು ನಿಂತರೆ, ಕಾರಣ ಯಾವುದೇ ಇರಲಿ, ಮೇಲೆ ಎಲೆ ಬಾಡುವ ರೀತಿ ಹೆಚ್ಚು ಕಡಿಮೆ ಒಂದೇ. ಆ್ಯಪಿಗೆ ಕಾಣುವುದು ಆ ಎಲೆ ಮಾತ್ರ, ಹಾಗಾಗಿ ಒಂದೊಂದು ಫೋಟೊಕ್ಕೆ ಒಂದೊಂದು ಹೆಸರು ಹೇಳುತ್ತದೆ.

ಅರ್ಧ ಬಾಡಿದ ಒಂದು ಗಿಡ ಆರಿಸಿ. ಪೂರ್ತಿ ಒಣಗಿದ್ದು ಬೇಡ, ಸತ್ತ ಬೇರಿಗೆ ಬೇರೆ ಬೂಷ್ಟು ಹತ್ತಿ ಗುರುತು ಕೆಡಿಸಿರುತ್ತದೆ. ಕಿತ್ತರೆ ಬೇರು ಹರಿಯುತ್ತದೆ, ಗುದ್ದಲಿಯಿಂದ ಅಗೆದು ತೆಗೆಯಿರಿ. ಬೇರು ತೊಳೆದು, ನೆಲಮಟ್ಟದಿಂದ ಮೇಲೆ ಒಂದು ಅಡಿ ತನಕ ಕಾಂಡವನ್ನು ಉದ್ದಕ್ಕೆ ಸೀಳಿ.

ಸೀಳಿದ ಕಟ್ಟಿಗೆಯೊಳಗೆ ಕಂದು ಅಥವಾ ಕಪ್ಪು ಗೆರೆಗಳು ಮೇಲಕ್ಕೆ ಹೋಗಿದ್ದರೆ ಅದು ಫ್ಯುಸೇರಿಯಂ ನೆಟೆ. ಹೊರಗೆ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಕಾಣಬಹುದು, ಒಂದೇ ಬದಿಯ ಟೊಂಗೆಗಳು ಒಣಗಿ ಇನ್ನೊಂದು ಬದಿ ಹಸಿರಿರುವುದೂ ಉಂಟು. ಒಳಗಿನ ಕಟ್ಟಿಗೆ ಬೆಳ್ಳಗಿದ್ದು, ಕಾಂಡದ ತೊಗಟೆ ಮೇಲೆ ತಗ್ಗಾದ ಕಂದುಗಪ್ಪು ಮಚ್ಚೆ ಇದ್ದು, ಗಾಳಿಗೆ ಗಿಡ ಅಲ್ಲಿಯೇ ಮುರಿಯುತ್ತಿದ್ದರೆ ಫೈಟಾಫ್ತೊರಾ ಕಾಂಡ ಮಚ್ಚೆ. ಇದು ಹೆಚ್ಚಾಗಿ ಬೆಳೆ ಎಳೆಯದಾಗಿರುವಾಗ, ನೀರು ನಿಂತ ತಗ್ಗಿನಲ್ಲಿ ಬರುತ್ತದೆ. ಬೇರಿನ ಸಿಪ್ಪೆ ಸುಲಿದು ಬಂದು, ಅದರಡಿ ಇದ್ದಿಲ ಪುಡಿಯಂಥ ಕಪ್ಪು ಚುಕ್ಕೆ ಕಂಡರೆ ಒಣ ಬೇರು ಕೊಳೆ. ಬಿಸಿಲು ಜೋರಾಗಿ ತೇವ ಕಡಿಮೆಯಾದಾಗ, ಮಸಾರಿ ಅಥವಾ ತೆಳು ಮಣ್ಣಿನಲ್ಲಿ ಇದು ಜಾಸ್ತಿ.

ಈ ರೋಗಗಳಿಗೆ ಮುಂದಿನ ದಾರಿ ಒಂದೇ ಅಲ್ಲ. ನೆಟೆ ಹತ್ತಿದ ಗಿಡವನ್ನು ಮೇಲಿಂದ ಏನು ಸಿಂಪಡಿಸಿದರೂ ಉಳಿಸಲಾಗದು, ಶಿಲೀಂಧ್ರ ಕಾಂಡದ ಒಳಗಿದೆ. ರೋಗದ ಗಿಡ ಕಿತ್ತು ಸುಡುವುದು, ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕುವುದು, ತೊಗರಿ ಮತ್ತೆ ಬಿತ್ತುವಾಗ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ (ರೋಗದ ಶಿಲೀಂಧ್ರ ತಡೆಯುವ ಉಪಕಾರಿ ಶಿಲೀಂಧ್ರ) ಲೇಪಿಸುವುದು, ನೆಟೆ ತಡೆಯುವ ತಳಿ ಆರಿಸುವುದು, ಇಷ್ಟೇ. ಫೈಟಾಫ್ತೊರಾಕ್ಕೆ ಮಾತ್ರ ನೀರು ಬಸಿದು ಹೋಗುವ ಹಾಗೆ ಕಾಲುವೆ ತೆಗೆದು, ಆರಂಭದಲ್ಲೇ ಮೆಟಾಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಮಿಶ್ರಣವನ್ನು ಲೀಟರಿಗೆ 2 ಗ್ರಾಂನಂತೆ ಕಾಂಡ ತೊಯ್ಯುವ ಹಾಗೆ ಸಿಂಪಡಿಸಿದರೆ ಹರಡುವುದು ತಗ್ಗುತ್ತದೆ. 2022-23ರಲ್ಲಿ ಸರ್ಕಾರ ಪರಿಹಾರ ಘೋಷಿಸುವ ಮಟ್ಟಕ್ಕೆ ಕಲಬುರಗಿಯ ತೊಗರಿ ಒಣಗಿದ ಮೇಲೆ, ಒಣಗಿದ್ದೆಲ್ಲ ನೆಟೆ ಎನ್ನುವ ರೂಢಿ ಬಂದಿದೆ. ಕಾಂಡ ಸೀಳದೆ ಹಾಗೆ ಅನ್ನಬಾರದು.

ಅದೇ ರೈತರು: ಸೀಳಿ ನೋಡಿದೆ ಸರ್, ಒಳಗ ಕರಿ ಗೆರಿ ಅದಾವ. ಬದುವಿನ ಕಡೆ ಕೆಲವು ಗಿಡ ಒಣಗಿಲ್ಲ, ಹಸಿರ ಕಂಟಿ ಆಗಿ ನಿಂತಾವ. ಒಂದೂ ಹೂವಿಲ್ಲ. ಆ್ಯಪ್ ಸತುವಿನ ಕೊರತೆ ಅಂತದ.

ಉತ್ತರ (ಸಸ್ಯರೋಗ ತಜ್ಞರು): ಕರಿ ಗೆರೆ ಇದ್ದ ಗಿಡ ನೆಟೆಯೇ. ಬದುವಿನ ಕಂಟಿ ಬೇರೆ ಕಥೆ, ಅದು ಗೊಡ್ಡು ರೋಗ. ಎಲೆ ಸಣ್ಣದಾಗಿ, ತಿಳಿ ಹಳದಿ-ಹಸಿರು ಮಚ್ಚೆಯಿದ್ದು, ಹೂವೇ ಬಿಡದಿದ್ದರೆ ಬೇರೇನೂ ಹುಡುಕಬೇಡಿ. ಸತುವಿನ ಕೊರತೆ ಇದ್ದಿದ್ದರೆ ಆ ಭಾಗದ ಎಲ್ಲ ಗಿಡಕ್ಕೂ ಇರುತ್ತಿತ್ತು. ಪಕ್ಕದ ಗಿಡ ಹೂ ತುಂಬಿ, ಇದು ಮಾತ್ರ ಗೊಡ್ಡಾಗಿ ನಿಲ್ಲುತ್ತಿರಲಿಲ್ಲ. ಇದು ವೈರಸ್ ರೋಗ, ಹರಡುವುದು ಬರಿಗಣ್ಣಿಗೆ ಕಾಣದ ನುಸಿಯಿಂದ. ಹೋದ ವರ್ಷ ಬದುವಿನಲ್ಲಿ ಉಳಿದ ತೊಗರಿ ಕೂಳೆಯೇ ಅದರ ಮನೆ, ಮೊದಲು ಅದನ್ನು ಕೀಳಿ. ಹಳೆಯ ಪುಸ್ತಿಕೆ, ಹಳೆಯ ಆ್ಯಪ್ ಸಲಹೆಯಲ್ಲಿ ಇದಕ್ಕೆ ಡೈಕೊಫಾಲ್ ಎಂಬ ನುಸಿನಾಶಕ ಹೊಡೆಯಿರಿ ಎಂದಿರುತ್ತದೆ. ಅದು 2023ರಲ್ಲೇ ನಿಷೇಧವಾಗಿದೆ. ತಳಿ ಬದಲಿಸುವಾಗಲೂ ನೆನಪಿಡಿ: ಟಿಎಸ್-3ಆರ್ ಮತ್ತು ಮಾರುತಿ ನೆಟೆ ತಡೆಯುವ ತಳಿಗಳು, ಗೊಡ್ಡು ರೋಗ ತಡೆಯುವುದಿಲ್ಲ. ಎರಡೂ ಇರುವ ಹೊಲಕ್ಕೆ ಬಿಎಸ್‌ಎಂಆರ್-736 ಕಡೆ ನೋಡಬೇಕು.

ಪ್ರಶ್ನೆ (ಸೇಡಂ): ಮೇಡಂ, ಯಾವ ಆ್ಯಪ್ ಚಲೋ? ಮತ್ತ ಫೋಟೊ ಹ್ಯಾಂಗ ತೆಗೀಬೇಕ್ರಿ? ಹೊಲದಾಗ ನೆಟ್‌ವರ್ಕ್ ಬರೋದಿಲ್ಲ.

ಉತ್ತರ (ಕೀಟಶಾಸ್ತ್ರಜ್ಞೆ): ರೋಗ, ಕೀಟಕ್ಕೆ ಪ್ಲಾಂಟಿಕ್ಸ್ ಕನ್ನಡದಲ್ಲೇ ಇದೆ. ಕೇಂದ್ರ ಕೃಷಿ ಸಚಿವಾಲಯದ ಕೀಟ, ರೋಗ ಗುರುತಿಸುವ ಆ್ಯಪ್ ಎನ್‌ಪಿಎಸ್‌ಎಸ್ 2024ರ ಆಗಸ್ಟ್ 15ರಂದು ಬಂತು. ಬರೀ ಗಿಡ ಅಥವಾ ಕಸ ಗುರುತಿಸಲು ಪ್ಲಾಂಟ್‌ನೆಟ್ ಒಳ್ಳೆಯದು. ಗೂಗಲ್ ಲೆನ್ಸ್ ಎಲ್ಲದಕ್ಕೂ ಏನಾದರೂ ಒಂದು ಉತ್ತರ ಕೊಡುತ್ತದೆ, ಅದೇ ಅದರ ತೊಂದರೆ. ನೆಟ್‌ವರ್ಕ್ ಇಲ್ಲದಿದ್ದರೆ ಫೋನಿನ ಕ್ಯಾಮೆರಾದಲ್ಲೇ ತೆಗೆದಿಟ್ಟು, ಮನೆಗೆ ಬಂದು ಗ್ಯಾಲರಿಯಿಂದ ಹಾಕಿ.

ಹೊಲದಲ್ಲಿ ಜೇಬಿನ ಧೂಳು ಲೆನ್ಸಿಗೆ ಹತ್ತಿರುತ್ತದೆ, ಮೊದಲು ಒರೆಸಿ. ಬೆಳಿಗ್ಗೆ ಹತ್ತರ ಒಳಗೆ ತೆಗೆಯಿರಿ, ಇಲ್ಲವೆ ನಿಮ್ಮ ನೆರಳಿನಲ್ಲಿ ಎಲೆ ಹಿಡಿದು ತೆಗೆಯಿರಿ. ನಡು ಮಧ್ಯಾಹ್ನದ ಬಿಸಿಲಲ್ಲಿ ಹಸಿರು ಬೆಳ್ಳಗೆ ಕಾಣುತ್ತದೆ, ಆ್ಯಪ್ ಅದನ್ನು ಹಳದಿ ರೋಗ ಎಂದುಕೊಳ್ಳುತ್ತದೆ. ಒಂದು ಫೋಟೊದಲ್ಲಿ ಒಂದೇ ಎಲೆ ಇರಲಿ, ಹಿಂದೆ ಬಿಳಿ ಹಾಳೆ ಅಥವಾ ಅಂಗೈ. ಒಂದು ಗೇಣಿಗಿಂತ ಹತ್ತಿರ ಹೋದರೆ ಬಹಳ ಫೋನುಗಳಲ್ಲಿ ಮಸುಕಾಗುತ್ತದೆ. ಪರದೆ ಮೇಲೆ ಮಚ್ಚೆ ಇರುವ ಕಡೆ ಬೆರಳಿಟ್ಟು ಫೋಕಸ್ ಮಾಡಿ. ಝೂಮ್ ಬೇಡ. ಎಲೆಯ ಹಿಂಬದಿಯದೂ ಒಂದು ಬೇಕು, ನುಸಿ, ಬಿಳಿ ನೊಣ, ಹಸಿರು ಜಿಗಿಹುಳು ಇರುವುದೇ ಅಲ್ಲಿ.

ಬೇರೆ ಬೇರೆ ಮೂರು ಗಿಡದ ಎಲೆ ಹಾಕಿ. ಮೂರಕ್ಕೂ ಒಂದೇ ಹೆಸರು ಬಂದರೆ ಅದನ್ನು ಹಿಡಿದು ಮುಂದಿನ ಪರೀಕ್ಷೆ ಮಾಡಬಹುದು. ಮೂರು ಹೆಸರು ಬಂದರೆ ಆ್ಯಪ್ ಮುಚ್ಚಿ ರೈತ ಸಂಪರ್ಕ ಕೇಂದ್ರದವರನ್ನು ಕೇಳಿ, ಇಲ್ಲವೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಭಾಲ್ಕಿ, ಸೋಯಾ): ಸೋಯಾ ಹಳದಿ ಆಗ್ಯಾದ. ಆ್ಯಪ್ ಹಳದಿ ನಂಜು ರೋಗ ಅಂತದ, ಬಿಳಿ ನೊಣಕ್ಕ ಹೊಡೀರಿ ಅಂತದ. ಒಂದು ನೊಣಾನೂ ಕಾಣವಲ್ದು.

ಉತ್ತರ (ಸಸ್ಯರೋಗ ತಜ್ಞರು): ಫೋಟೊ ನೋಡಿದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ತಗ್ಗಿನ ಪಟ್ಟಿಯಲ್ಲಿ ಎಲ್ಲ ಗಿಡವೂ ಹಾಗೇ. ಇದು ಕಬ್ಬಿಣದ ಕೊರತೆ. ಸುಣ್ಣ ಹೆಚ್ಚಿರುವ ಕರಿ ಮಣ್ಣಿನಲ್ಲಿ ಮಳೆ ನೀರು ನಿಂತಾಗ ಬೇರಿಗೆ ಕಬ್ಬಿಣ ಸಿಗುವುದಿಲ್ಲ. ನಂಜು ರೋಗದಲ್ಲಿ ಹಳದಿ ಮಚ್ಚೆ ನರ ನೋಡದೆ ಅಡ್ಡಾದಿಡ್ಡಿ ಹರಡಿರುತ್ತದೆ, ಗಿಡಗಳೂ ಅಲ್ಲೊಂದು ಇಲ್ಲೊಂದು. ನೀರು ಹೊರಗೆ ಹಾಕಿ, ಲೀಟರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿ. ಸಿಟ್ರಿಕ್ ಆಮ್ಲ ಮೊದಲು ಕರಗಬೇಕು. ಗಡಸು ನೀರಿಗೆ ನೇರ ಸಲ್ಫೇಟ್ ಹಾಕಿದರೆ ತುಕ್ಕಿನ ಬಣ್ಣಕ್ಕೆ ತಿರುಗಿ ತಳ ಹಿಡಿಯುತ್ತದೆ.

ಪ್ರಶ್ನೆ (ಶಹಾಪುರ, ಹತ್ತಿ): ಹತ್ತಿ ಕುಡಿ ಎಲಿ ಬೆರಳಿನಂಗ ಉದ್ದಕ ಸೀಳ್ಯಾವ. ಎಲಿ ಮುಟುರು ವೈರಸ್ ಅಂತ ಬಂತು.

ಉತ್ತರ (ಕೀಟಶಾಸ್ತ್ರಜ್ಞೆ): ಹತ್ತಿ ಎಲೆ ಮುಟುರು ವೈರಸ್ ಮುಖ್ಯವಾಗಿ ಪಂಜಾಬ್, ಹರಿಯಾಣ, ರಾಜಸ್ಥಾನದ ಸಮಸ್ಯೆ. ಅದರಲ್ಲಿ ನರ ದಪ್ಪವಾಗಿ, ಎಲೆಯಡಿ ಪುಟ್ಟ ಎಲೆಯಂಥ ಬೆಳವಣಿಗೆ ಏಳುತ್ತದೆ. ನಿಮ್ಮದರಲ್ಲಿ ಎಲೆ ಕಿರಿದಾಗಿದೆ, ನರಗಳು ಒಂದರ ಪಕ್ಕ ಒಂದು ಎಳೆದಂತಿವೆ. ಇದು 2,4-ಡಿ ಕಳೆನಾಶಕದ ಪೆಟ್ಟು. ಪಕ್ಕದ ಜೋಳ, ಭತ್ತ ಅಥವಾ ಬದುವಿಗೆ ಯಾರಾದರೂ ಹೊಡೆದಿದ್ದಾರಾ ಕೇಳಿ, ಗಾಳಿ ಬಂದ ಕಡೆಯ ಸಾಲುಗಳಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ ಇದೆಯಾ ನೋಡಿ. ಹೊಲವಿಡೀ ಒಂದೇ ಸಮ ಇದ್ದರೆ ನಿಮ್ಮ ಪಂಪಿನಲ್ಲೇ ಉಳಿದಿತ್ತು ಅಂತ ಅರ್ಥ. ಹತ್ತಿಗೆ ಇದರ ತೀರಾ ಸ್ವಲ್ಪ ಅಂಶವೂ ಸಾಕು, ನೀರಲ್ಲಿ ಒಮ್ಮೆ ಗಲಬರಿಸಿದರೆ ಹೋಗುವುದಿಲ್ಲ. ಕಳೆನಾಶಕಕ್ಕೆ ಬೇರೆ ಪಂಪು ಇಡಿ. ಪೆಟ್ಟು ಲಘುವಾಗಿದ್ದರೆ ಹೊಸ ಎಲೆ ಮತ್ತೆ ಅಗಲವಾಗಿ ಬರುತ್ತದೆ, ಔಷಧಿ ಯಾವುದೂ ಬೇಡ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ: ಗುಲಾಬಿ ಕಾಯಿಕೊರಕಕ್ಕೆ ಹಸಿರು ಕಾಯಿಯ ಫೋಟೊ ಹಾಕಿ ‘ಆರೋಗ್ಯವಾಗಿದೆ’ ಅಂತ ಬಂದರೆ ನೆಮ್ಮದಿಯಾಗಬೇಡಿ. ಕೀಡೆ ಒಳಗಿರುತ್ತದೆ, ಹೊರಗೆ ತೂತು ಕಾಣುವುದಿಲ್ಲ. ಹೊಲದ ಬೇರೆ ಬೇರೆ ಕಡೆಯಿಂದ 20 ಎಳೆ ಕಾಯಿ ಕಿತ್ತು ಒಡೆಯಿರಿ, ಎರಡರಲ್ಲಿ ಸಿಕ್ಕರೆ ಸಿಂಪಡಿಸುವ ಹೊತ್ತು. ತೊಗರಿಯ ಕಾಯಿ ನೊಣವೂ ಹೀಗೆಯೇ, ಕಾಯಿ ಬಿಡಿಸದೆ ಗೊತ್ತಾಗದು.

ಪ್ರಶ್ನೆ (ಔರಾದ್): ಜೋಳದ ಸುಳಿ ತಿನ್ನೋ ಕೀಡಿಗಿ ಆ್ಯಪ್ ಎರಡು ಹೆಸರು ಕೊಡ್ತದ.

ಉತ್ತರ (ಕೀಟಶಾಸ್ತ್ರಜ್ಞೆ): ಕೀಡೆಯ ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಬೆನ್ನಿನ ಮೇಲೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಫಾಲ್ ಸೈನಿಕ ಹುಳು. ಇವೆರಡೂ ಕಾಣುವ ಹಾಗೆ ಮೇಲಿನಿಂದ ಫೋಟೊ ತೆಗೆದು ಹಾಕಿ; ಬದಿಯಿಂದ ತೆಗೆದರೆ ಆ್ಯಪ್ ತಪ್ಪುತ್ತದೆ.

ಪ್ರಶ್ನೆ (ಹುಮನಾಬಾದ್): ಬದುವಿನ ಕಾಂಗ್ರೆಸ್ ಕಸದ ಮ್ಯಾಲ ಪಟ್ಟಿ ಪಟ್ಟಿ ಹುಳ ಅದಾವ. ಲೆನ್ಸ್ ಆಲೂಗಡ್ಡಿ ದುಂಬಿ ಅಂತದ. ಹೊಡೀಲೇನ್ರಿ?

ಉತ್ತರ (ಕಳೆ ನಿರ್ವಹಣೆ ತಜ್ಞರು): ದಯಮಾಡಿ ಬೇಡ. ಅದು ಝೈಗೊಗ್ರಾಮಾ ದುಂಬಿ. ಕಾಂಗ್ರೆಸ್ ಕಸ ತಿನ್ನಲಿ ಎಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಲೆನ್ಸ್ ಹೇಳಿದ ಕೊಲೊರಾಡೊ ಆಲೂಗಡ್ಡೆ ದುಂಬಿ ಭಾರತದಲ್ಲೇ ಇಲ್ಲ. ಆ್ಯಪ್ ಕೊಟ್ಟ ಹೆಸರು ಯಾವುದೇ ಇರಲಿ, ಆ ಕೀಟ ನಮ್ಮ ಸೀಮೆಯಲ್ಲಿ, ಆ ಬೆಳೆಯ ಮೇಲೆ, ಈ ತಿಂಗಳಲ್ಲಿ ಇರುತ್ತದಾ ಎಂದು ಕೇಳಿಕೊಳ್ಳಿ. ಅರ್ಧ ತಪ್ಪು ಅಲ್ಲೇ ಸಿಗುತ್ತವೆ.

ಕಸ ಗುರುತಿಸುವಾಗ ಎರಡೆಲೆಯ ಸಸಿಯ ಫೋಟೊ ಬಹುತೇಕ ವ್ಯರ್ಥ. ಎಲೆ, ಹೂವು, ಕಾಂಡ ಮೂರರದೂ ಹಾಕಿ. ಪ್ಲಾಂಟ್‌ನೆಟ್‌ನಲ್ಲಿ ಯಾವ ಭಾಗ ಎಂದು ಒತ್ತುವ ಗುಂಡಿಯೂ ಇದೆ. ಹೂವು ಬರುವ ತನಕ ಕಾದರೆ ಕಾಂಗ್ರೆಸ್ ಕಸ ಬೀಜ ಉದುರಿಸಿಬಿಡುತ್ತದೆ, ಅದಕ್ಕೆ ಅದನ್ನು ಮಾತ್ರ ನೆಲಕ್ಕಂಟಿದ ಸೀಳೆಲೆಯ ಹಂತದಲ್ಲೇ ಕಲಿತು, ಕೈಗವಸು ಹಾಕಿ ಕೀಳಬೇಕು. ಜೋಳದಲ್ಲಿ ಬರುವ ಸ್ಟ್ರೈಗಾಕ್ಕೂ ಫೋಟೊ ತಡವೇ: ನೆಲದ ಮೇಲೆ ಕಾಣುವ ಹೊತ್ತಿಗೆ ಬೇರಿಗೆ ಕಚ್ಚಿಕೊಂಡು ಜೋಳದ ಸಾರ ಹೀರಿರುತ್ತದೆ. ಆಗ ಹೂವಾಗುವ ಮೊದಲು ಕಿತ್ತು, ಮುಂದಿನ ವರ್ಷ ಆ ಹೊಲಕ್ಕೆ ಜೋಳದ ಬದಲು ತೊಗರಿ ಹಾಕಿ.

ಪ್ರಶ್ನೆ (ಜೇವರ್ಗಿ, ತೊಗರಿ): ಕಾಯಿಕೊರಕಕ್ಕ ಆ್ಯಪ್ ಬರೇ ಔಷಧಿ ಹೆಸರು ಹೇಳ್ತದ. ಪಂಪಿಗಿ ಎಷ್ಟು ಹಾಕ್ಲಿ?

ಉತ್ತರ (ಕೀಟಶಾಸ್ತ್ರಜ್ಞೆ): ಮೊದಲು ಎಣಿಕೆ. ಗಿಡದಡಿ ಚಾದರ ಹಾಸಿ ಅಲುಗಾಡಿಸಿ, ಹಸಿರು ಕೀಡೆ ಉದುರುತ್ತದೆ. ಹತ್ತು ಗಿಡ ನೋಡಿ, ಸರಾಸರಿ ಗಿಡಕ್ಕೆ ಒಂದು ಸಣ್ಣ ಕೀಡೆ ಅಥವಾ ಎರಡು ಮೊಟ್ಟೆ ದಾಟಿದರೆ ಹೊಡೆಯಿರಿ. ಹೂ ಮೊಗ್ಗು ಬಲೆಯಿಂದ ಸುತ್ತಿಕೊಂಡಿದ್ದರೆ ಅದು ಮರೂಕಾ ಎಂಬ ಬೇರೆ ಕೀಡೆ, ಅಲುಗಾಡಿಸಿದರೆ ಬೀಳುವುದಿಲ್ಲ, ಬಿಡಿಸಿ ನೋಡಬೇಕು.

ಕ್ಲೊರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ ಎಕರೆಗೆ 60 ಮಿ.ಲೀ. ನೀವು ಎಕರೆಗೆ 15 ಲೀಟರಿನ 13 ಪಂಪು ಹೊಡೆದರೆ ಪಂಪಿಗೆ ಸುಮಾರು 4.5 ಮಿ.ಲೀ. ಬರುತ್ತದೆ. ಮುಚ್ಚಳದಲ್ಲಿ ಅಂದಾಜು ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ. ಆ್ಯಪ್ ಹೇಳಿದ ಔಷಧಿಯ ಡಬ್ಬಿ ಕೈಗೆ ಬಂದಾಗ ಚೀಟಿಯಲ್ಲಿ ತೊಗರಿ ಎಂದು ಬರೆದಿದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ಕೊಡಿ. ಕೀಟನಾಶಕಗಳಲ್ಲಿ ಟ್ರೈಯಾಜೊಫಾಸ್ 2020ರ ಕೊನೆಯಿಂದ, ಮಿಥೋಮಿಲ್ 2023ರಿಂದ ನಿಷೇಧ. ಹಳೆಯ ಸಲಹೆಗಳಲ್ಲಿ ಇವೆರಡೂ ಇನ್ನೂ ಓಡಾಡುತ್ತಿವೆ.

ಪ್ರಶ್ನೆ (ಸುರಪುರ): ಫೋಟೊದಾಗ ತಿಳೀಲಿಲ್ಲಂದ್ರ ಗಿಡಾನ ತಂದು ತೋರಿಸ್ತೀವಿ. ಹ್ಯಾಂಗ ತರಬೇಕು?

ಉತ್ತರ (ಸಸ್ಯರೋಗ ತಜ್ಞರು): ನಿಮಗೆ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಬೇರು, ಬೇರಿನ ಮಣ್ಣು ಸಮೇತ ಎರಡು ಅರ್ಧ ಬಾಡಿದ ಗಿಡ, ಒಂದು ಆರೋಗ್ಯದ ಗಿಡ ತನ್ನಿ. ಹಾಳೆಯಲ್ಲಿ ಸುತ್ತಿ ತನ್ನಿ; ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರಿ ಒಂದೇ ರಾತ್ರಿಗೆ ಕೊಳೆಯುತ್ತದೆ. ಹುಳವನ್ನು ತೂತು ಮಾಡಿದ ಡಬ್ಬಿಯಲ್ಲಿ ಅದು ತಿನ್ನುವ ಎಲೆಯೊಂದಿಗೆ ಜೀವಂತ ತನ್ನಿ. ಬಿತ್ತಿದ ದಿನ, ತಳಿ, ಹಿಂದೆ ಹೊಡೆದ ಔಷಧಿ ಒಂದು ಚೀಟಿಯಲ್ಲಿರಲಿ. ಶನಿವಾರ ಸಂಜೆ ಕಿತ್ತು ಸೋಮವಾರ ತರಬೇಡಿ, ಬರುವ ದಿನ ಬೆಳಿಗ್ಗೆಯೇ ಅಗೆಯಿರಿ.