ಸಹಾಯ ಬೇಕು: ‘ಕ್ಷಮಿಸಿ’ ಅನ್ನದೆ ಪಶ್ಚಾತ್ತಾಪ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕ್ರಿಸ್ಮಸ್‌ಗೆ ಮನೆಗೆ ಹೋಗಲಾಗದ ಒಬ್ಬ ಅಣ್ಣನ ಬಗ್ಗೆ ಹಾಡು ಬರೆಯುತ್ತಿದ್ದೇನೆ. ತಪ್ಪು ಅವನದೇ. ಆದರೆ ‘ಕ್ಷಮಿಸಿ’ ಅಂತ ಬರೆದ ಕೂಡಲೇ ಸಾಲು ಸಪ್ಪೆಯಾಗುತ್ತದೆ.

ಆಸ್ಟ್ರೇಲಿಯಾದ ಪಾಲ್ ಕೆಲ್ಲಿ ಅವರ 1996ರ ಹಾಡು ‘ಹೌ ಟು ಮೇಕ್ ಗ್ರೇವಿ’ ಕೇಳಿದಾಗಿನಿಂದ ಅದೇ ಗುಂಗು. ಜೋ ಎನ್ನುವವನು ಜೈಲಿನಿಂದ ತನ್ನ ಸಹೋದರ ಡ್ಯಾನ್‌ಗೆ ಬರೆಯುವ ಪತ್ರ ಅದು. ತಾರೀಖು ಡಿಸೆಂಬರ್ 21. ಯಾರ್ಯಾರು ಬರುತ್ತಾರೆ ಅನ್ನುವ ಮಾತಿನ ನಡುವೆ ಗ್ರೇವಿ ಮಾಡುವ ವಿಧಾನವನ್ನೂ ಹೇಳುತ್ತಾನೆ. ಮತ್ತೆ ಮತ್ತೆ ಬರುವ ಪಲ್ಲವಿಯೇ ಇಲ್ಲ. ಸುಮ್ನೆ ಅಡುಗೆಯ ಮಾತು ಅನ್ನಿಸುತ್ತದೆ, ಆದರೆ ಈ ಸಲ ಅದನ್ನು ಮಾಡಲು ತಾನಿಲ್ಲ ಅನ್ನುವ ಸಂಕಟ ಅದರೊಳಗೇ ಇದೆ. ನನಗಂತೂ ಕಣ್ಣು ತುಂಬಿ ಬಂತು.

1943ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ ‘ಐ ವಿಲ್ ಬಿ ಹೋಮ್ ಫಾರ್ ಕ್ರಿಸ್ಮಸ್’ ದಾರಿ ಬೇರೆ. ಬರುತ್ತೇನೆ ಎಂದು ಮಾತು ಕೊಟ್ಟು, ಕೊನೆಗೆ ಕನಸಿನಲ್ಲಾದರೂ ಅನ್ನುತ್ತದೆ. ಅಲ್ಲಿ ಹಂಬಲವಿದೆ, ತಪ್ಪಿನ ಭಾರವಿಲ್ಲ. ನನಗೆ ಎರಡೂ ಬೇಕು.

ನನ್ನ ಹಾಡಿನ ಅಣ್ಣ ಪ್ರತಿ ವರ್ಷ ಮನೆಗೆ ನಕ್ಷತ್ರ ಕಟ್ಟುತ್ತಿದ್ದವನು. ಅದನ್ನು ಕಟ್ಟುವುದು ಹೇಗೆ ಅಂತ ತಮ್ಮನಿಗೆ ಹೇಳಿಕೊಟ್ಟರೆ ಸಾಕಾ? ಕೊನೆಯಲ್ಲಿ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾ? ಒಪ್ಪಿಕೊಂಡರೆ ಜಾಸ್ತಿ ಆಯ್ತು ಅನ್ನಿಸಬಹುದು ಅಲ್ವಾ? ಹಾಡು ಬರೆಯುವವರು ದಯವಿಟ್ಟು ಹೇಳಿ. ಒಂದೆರಡು ಸಾಲು ಹೊಳೆದರೂ ಬರೆಯಿರಿ.