ಒಂಬತ್ತನೇ ತರಗತಿ, ವಾರಕ್ಕೊಂದು ಪೀರಿಯಡ್: ಹೊರದೇಶದ ಗಿರಾಕಿಗಳಿರುವ ಕೆಲಸಕ್ಕೆ ಏನು ಕಲಿಸೋಣ?

ಪ್ರಶ್ನೆ (ಹೈಸ್ಕೂಲ್ ಮೇಷ್ಟ್ರು)
ಕನ್ನಡ ಮಾಧ್ಯಮ, 42 ಮಕ್ಕಳು, 40 ನಿಮಿಷ. ಹೆಚ್ಚಿನವರು ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ, ಡಿಪ್ಲೊಮಾ ಕಡೆ ಹೋಗುವವರು. ಮುಂದೆ ರಫ್ತು ಕಾರ್ಖಾನೆಗೋ ಗಲ್ಫಿಗೋ ಸೇರಿದರೆ ಕೈಹಿಡಿಯುವಂಥದ್ದು ಏನಾದರೂ ಹೇಳಿ. ಜಾಗತೀಕರಣದ ಭಾಷಣ ಬೇಡ.

ಉತ್ತರ 1 (ಐಟಿಐ ಬೋಧಕ)
ಅಳತೆಯಿಂದ ಶುರು ಮಾಡಿ ಸರ್. ಪೀಣ್ಯವಾಗಲಿ, ಬೆಳಗಾವಿಯ ಉದ್ಯಮಬಾಗವಾಗಲಿ, ಡ್ರಾಯಿಂಗ್ ಬರುವುದು ಗಿರಾಕಿಯ ದೇಶದ ಪದ್ಧತಿಯಲ್ಲಿ. ಜರ್ಮನಿಯವರು 12,5 ಎಂದು ಬರೆದರೆ ಅದು ಹನ್ನೆರಡೂವರೆ. ಅಲ್ಲಿ ಕಾಮಾವೇ ದಶಮಾಂಶ ಬಿಂದು. ಅಮೆರಿಕದ್ದು ಸಾಮಾನ್ಯವಾಗಿ ಇಂಚಿನಲ್ಲಿ (25.4 ಮಿ.ಮೀ.), ಅದೂ ಥರ್ಡ್ ಆ್ಯಂಗಲ್ (ಬಲಬದಿಯ ನೋಟವನ್ನು ಬಲಕ್ಕೇ ಬರೆಯುವ ಪದ್ಧತಿ). ನಾವು ಕಲಿಸುವುದು ಫಸ್ಟ್ ಆ್ಯಂಗಲ್ (ಅದೇ ನೋಟ ಎಡಕ್ಕೆ). ಮೂಲೆಯ ಚಿಹ್ನೆ ನೋಡದೆ ಓದಿದರೆ ಎಡಕ್ಕಿರಬೇಕಾದ ತೂತು ಬಲಕ್ಕೆ ಬೀಳುತ್ತದೆ.

ನಿಮಗೆ ಮಷೀನು ಬೇಡ. ಐವರ ಗುಂಪಿಗೆ ರಟ್ಟು, ಕತ್ತರಿ, ಸ್ಕೇಲು ಕೊಡಿ. 50 ಮಿ.ಮೀ. ಉದ್ದದ 10 ಪಟ್ಟಿ ಕತ್ತರಿಸಲಿ. ಹೆಚ್ಚುಕಮ್ಮಿ 1 ಮಿ.ಮೀ. ಮಾತ್ರ ಮಾಫಿ. ಪಕ್ಕದ ಗುಂಪು ಅಳೆದು ರಿಜೆಕ್ಟ್ ಮಾಡಲಿ. ಮೊದಲ ಪಟ್ಟಿ ಇಟ್ಟು ಎರಡನೆಯದಕ್ಕೆ ಗೆರೆ, ಎರಡನೆಯದಿಟ್ಟು ಮೂರನೆಯದಕ್ಕೆ ಗೆರೆ ಎಳೆದ ಗುಂಪು ಸೋಲುತ್ತದೆ. ಪೆನ್ಸಿಲ್ ಗೆರೆಯ ದಪ್ಪ ಪ್ರತಿ ಸಲ ಸೇರುತ್ತಾ ಹೋಗಿ ಹತ್ತನೆಯದು ಉದ್ದವಾಗಿರುತ್ತದೆ. ಈ ಮಾಫಿಗೇ ಟಾಲರೆನ್ಸ್ ಅನ್ನುತ್ತಾರೆ ಎಂದು ಆಮೇಲೆ ಹೇಳಿದರೆ ಸಾಕು.

ಉತ್ತರ 2 (ಸಮಾಜ ವಿಜ್ಞಾನ)
ರೇಖಾಂಶದ ಪಾಠ ಹೇಗೂ ಇದೆ. ನಮ್ಮ ಗಡಿಯಾರದ ರೇಖಾಂಶ 82.5 ಡಿಗ್ರಿ, ಡಿಗ್ರಿಗೆ 4 ನಿಮಿಷ, ಅಲ್ಲಿಗೆ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ. ಅಲ್ಲಿಗೇ ನಿಲ್ಲಿಸಬೇಡಿ. ಜರ್ಮನಿಗೂ ನಮಗೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರು ಗಡಿಯಾರ ತಿದ್ದುತ್ತಾರೆ. ಮೀಟಿಂಗ್ ತಪ್ಪುವುದು ಇಲ್ಲೇ.

ಪತ್ರಲೇಖನದಲ್ಲಿ ರಜಾ ಚೀಟಿಯ ಬದಲು ಐದು ಸಾಲಿನ ಇಂಗ್ಲಿಷ್ ಇಮೇಲ್ ಬರೆಸಿ. 03/04 ಎಂದು ಬರೆಯಬಾರದು, ಅಮೆರಿಕದವರಿಗೆ ಅದು ಮಾರ್ಚ್ 4. ತಿಂಗಳ ಹೆಸರನ್ನೇ ಬರೆಯಲಿ. ಲಕ್ಷ, ಕೋಟಿ ಕೂಡ ಅವರಿಗೆ ಅರ್ಥವಾಗದು. 1,50,000 ಅನ್ನು 150,000 ಎಂದು ಬರೆಯುವ ಅಭ್ಯಾಸ ಆಗಲಿ.

ಉತ್ತರ 3 (ಮುಖ್ಯ ಶಿಕ್ಷಕಿ)
ಇದೆಲ್ಲದಕ್ಕಿಂತ ಮೊದಲು ಹೆಸರು ನೋಡಿ ಸರ್. ಸ್ಯಾಟ್ಸ್‌ನಲ್ಲಿ (ಶಾಲಾ ಮಕ್ಕಳ ಸರ್ಕಾರಿ ಆನ್‌ಲೈನ್ ದಾಖಲೆ) ಒಂದು, ಆಧಾರ್‌ನಲ್ಲಿ ಇನ್ನೊಂದು ಇರುತ್ತದೆ. ನಮ್ಮ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದಮೇಲೆ ತಿದ್ದಿಸಲು ಅಲೆದಾಟ. ಒಂಬತ್ತರಲ್ಲೇ ಪೋಷಕರನ್ನು ಕರೆಸಿ ಸರಿಮಾಡಿಸಿ. ಗಲ್ಫಿನ ಕನಸಿರುವ ಹುಡುಗರಿಗೆ ಇದನ್ನೂ ಹೇಳಿ: ಹತ್ತನೇ ಪಾಸಾಗಿದ್ದರೆ ಪಾಸ್‌ಪೋರ್ಟಿಗೆ ‘ಇಸಿಆರ್’ (ವಲಸೆ ತಪಾಸಣೆ ಬೇಕು ಎಂಬ) ಮುದ್ರೆ ಬೀಳುವುದಿಲ್ಲ. ಪಾಸಾಗದೆ ಆ ಮುದ್ರೆ ಬಿದ್ದರೆ ಗಲ್ಫಿನ ಕೆಲಸಕ್ಕೆ ಹೊರಡುವ ಮುಂಚೆ ವಲಸೆ ಅನುಮತಿ ಪಡೆಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು
ರಟ್ಟಿನಿಂದಲೇ ಶುರು. ಐವರಂತೆ 8 ಗುಂಪಾದರೆ ಇಬ್ಬರು ಉಳಿಯುತ್ತಾರಲ್ಲ?

ಉತ್ತರ 1
ಅವರಿಬ್ಬರೇ ಇನ್‌ಸ್ಪೆಕ್ಟರ್‌ಗಳು, ಜಗಳ ಬಂದಾಗ ಕೊನೆಯ ಮಾತು ಅವರದು. ಮಕ್ಕಳ ಸ್ಕೇಲಿನ ತುದಿ ಸವೆದಿರುತ್ತದೆ. ಸೊನ್ನೆ ಬಿಟ್ಟು 1 ಸೆಂ.ಮೀ. ಗೆರೆಯಿಂದ ಅಳೆದು, ಆಮೇಲೆ ಒಂದು ಕಳೆಯಲಿ.