10 ಓಮ್‌ನ ನಾಲ್ಕು ರೆಸಿಸ್ಟರ್: ಮಳೆಗಾಲದ ಪೆಟ್ಟಿಗೆಯೊಳಗೆ ಎಷ್ಟು ವ್ಯಾಟ್ ಶಾಖ ಬರುತ್ತದೆ?

ನಾಪೋಕ್ಲು ತೋಟದಮನೆ:

ನಮಸ್ಕಾರ. ನಮ್ಮ ಮನೆ ನಾಪೋಕ್ಲು ಸಮೀಪ, ಕಾಫಿ ತೋಟದ ನಡುವೆ ಇದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್‌ವರೆಗೆ ಪುಸ್ತಕದ ರಟ್ಟು, ಚರ್ಮದ ಬೆಲ್ಟು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಅತ್ತೆಯವರ ಕಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದೆಲ್ಲ ಒಣಗಿ ಬೆಚ್ಚಗಿರುತ್ತಿತ್ತು. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಆ ಅಟ್ಟಕ್ಕೂ ತೇವ ಹತ್ತಿದೆ.

ಜಮೀನಿನ ಹಳೆಯ ಕಾಗದಪತ್ರ, ನನ್ನ ಕ್ಯಾಮೆರಾ ಮತ್ತು ಲೆನ್ಸ್‌ಗಳನ್ನು ಒಂದು ಹಲಸಿನ ಮರದ ಪೆಟ್ಟಿಗೆಯಲ್ಲಿಟ್ಟು, ಅದನ್ನು ಒಳಗಿನಿಂದ ಬೆಚ್ಚಗಿಡಬೇಕೆಂದಿದ್ದೇನೆ. ಪೆಟ್ಟಿಗೆ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಮೊದಲು ಇಂಥದ್ದಕ್ಕೆ ಬುರುಡೆ ಬಲ್ಬು ಹಾಕುತ್ತಿದ್ದರು. ಆದರೆ ನಮ್ಮಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಬರಲು ದಿನಗಟ್ಟಲೆ ಬೇಕು, ಬೂಷ್ಟು ಹೆಚ್ಚುವುದೂ ಅದೇ ದಿನಗಳಲ್ಲಿ. ಹಾಗಾಗಿ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಿಂದಲೇ ರೆಸಿಸ್ಟರುಗಳನ್ನು (ಕರೆಂಟಿನ ಹರಿವಿಗೆ ತಡೆಯೊಡ್ಡಿ ಬಿಸಿಯಾಗುವ ಬಿಡಿಭಾಗ) ಬಿಸಿ ಮಾಡುವ ಯೋಚನೆ. 10 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರುಗಳು ನಾಲ್ಕು ಇವೆ. 22 ಓಮ್‌ನದು ಒಂದಿದೆ.

ತೊಡಕು ಲೆಕ್ಕದಲ್ಲಿದೆ. ಎರಡನೇ ಪಿಯುಸಿ ಓದುವ ಮಗ "ಐ ಸ್ಕ್ವೇರ್ ಆರ್, ಆದ್ದರಿಂದ ರೋಧ ದೊಡ್ಡದಿದ್ದಷ್ಟೂ ಶಾಖ ಹೆಚ್ಚು" ಎನ್ನುತ್ತಾನೆ. ವೈರಿಂಗ್ ಮಾಡಲು ಬಂದ ಎಲೆಕ್ಟ್ರಿಷಿಯನ್ "ವಿ ಸ್ಕ್ವೇರ್ ಬೈ ಆರ್, ರೋಧ ಚಿಕ್ಕದಾದಷ್ಟೂ ಶಾಖ ಹೆಚ್ಚು" ಎಂದರು. ಎರಡೂ ಪುಸ್ತಕದಲ್ಲಿರುವ ಸೂತ್ರಗಳೇ: ಐ ಎಂದರೆ ಕರೆಂಟು, ವಿ ಎಂದರೆ ವೋಲ್ಟ್, ಆರ್ ಎಂದರೆ ಓಮ್‌ನಲ್ಲಿ ಅಳೆಯುವ ರೋಧ. ಯಾವುದನ್ನು ಹಿಡಿಯಲಿ? ನಾಲ್ಕನ್ನು ಹೇಗೆ ಜೋಡಿಸಿದರೆ ಒಂದೂ ಸುಡದೆ ಪೆಟ್ಟಿಗೆ ಬೆಚ್ಚಗಾಗುತ್ತದೆ?

ಸೋಮವಾರಪೇಟೆ ಓದುಗ:

ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬದ ಮುಚ್ಚಳ ಬಿಗಿ ಮಾಡಿದರೆ ಸಾಲದೇ? ಕ್ಯಾಮೆರಾಗೆ ಬಹಳ ಮಂದಿ ಅದನ್ನೇ ಮಾಡುತ್ತಾರೆ.

ನಾಪೋಕ್ಲು ತೋಟದಮನೆ:

ಲೆನ್ಸ್‌ಗೆ ಸಾಕು. ಆದರೆ ನಾನು ಪೆಟ್ಟಿಗೆಯನ್ನು ಆಗಾಗ ತೆರೆಯುತ್ತಿರುತ್ತೇನೆ. ಜೆಲ್ ಬೇಗ ತೇವ ಹೀರಿ ಕುಳಿತುಬಿಡುತ್ತದೆ, ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಅದೇ ಒಂದು ಕೆಲಸವಾಗುತ್ತದೆ.

ರಿವೈಂಡಿಂಗ್ ಅಂಗಡಿ, ಗೋಣಿಕೊಪ್ಪ:

ನಿಮ್ಮ ಮಗ ಹೇಳಿದ್ದೂ ಸರಿ, ಎಲೆಕ್ಟ್ರಿಷಿಯನ್ ಹೇಳಿದ್ದೂ ಸರಿ. ಒಬ್ಬರು ಸರಣಿ ಜೋಡಣೆಯನ್ನು (ಒಂದರ ಹಿಂದೆ ಒಂದು) ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಇನ್ನೊಬ್ಬರು ಸಮಾಂತರ ಜೋಡಣೆಯನ್ನು (ಅಕ್ಕಪಕ್ಕ, ಪ್ರತಿಯೊಂದೂ ನೇರವಾಗಿ ಬ್ಯಾಟರಿಗೆ). ನಾನು ಪಂಪಿನ ಮೋಟಾರು ಸುತ್ತುವವನು. ಈ ಒಂದು ಪ್ರಶ್ನೆ ಬಿಡಿಸದೆ ನನ್ನ ಕೆಲಸ ನಡೆಯುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಬೇರು ಒಂದೇ. ರೆಸಿಸ್ಟರಿನ ಎರಡು ತುದಿಗಳ ನಡುವೆ ಇರುವ ವೋಲ್ಟನ್ನು ಅದರೊಳಗೆ ಹರಿಯುವ ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಓಮ್ ನಿಯಮದಂತೆ ವೋಲ್ಟ್ ಎಂದರೆ ಕರೆಂಟು ಗುಣಿಸು ರೋಧ. ವೋಲ್ಟಿನ ಜಾಗದಲ್ಲಿ ಅದನ್ನಿಟ್ಟರೆ ಮಗನ ಸೂತ್ರ ಬರುತ್ತದೆ. ಆಂಪಿಯರಿನ ಜಾಗದಲ್ಲಿ ವೋಲ್ಟ್ ಭಾಗಿಸು ರೋಧ ಎಂದಿಟ್ಟರೆ ಎಲೆಕ್ಟ್ರಿಷಿಯನ್‌ರ ಸೂತ್ರ. ಒಂದೇ ರೆಸಿಸ್ಟರಿಗೆ ಎರಡರಲ್ಲೂ ಲೆಕ್ಕ ಹಾಕಿ ನೋಡಿ, ಉತ್ತರ ಒಂದೇ ಬರಬೇಕು. ಬರದಿದ್ದರೆ ಬೇರೆ ಯಾವುದೋ ಜಾಗದ ವೋಲ್ಟನ್ನು ಹಾಕಿದ್ದೀರಿ ಎಂದರ್ಥ. ಸರಣಿಯಲ್ಲಿರುವ ಪ್ರತಿಯೊಂದು ರೆಸಿಸ್ಟರಿಗೂ ಬ್ಯಾಟರಿಯ 12 ವೋಲ್ಟನ್ನೇ ಹಾಕಿ ಎಣಿಸುವವರು ಬಹಳ. ಅಲ್ಲಿ ಆ 12 ಹಂಚಿಹೋಗಿರುತ್ತದೆ.

ನಿಮ್ಮ ಬಳಿ 22 ಓಮ್‌ನದು ಒಂದಿದೆಯಲ್ಲ, ಅದನ್ನು ಒಂದು 10 ಓಮ್ ಜೊತೆ ಸರಣಿಯಲ್ಲಿ ಹಾಕಿದಿರೆನ್ನೋಣ. ಒಟ್ಟು 32 ಓಮ್, ಕರೆಂಟು 0.375 ಆಂಪಿಯರ್. ಈ ಕರೆಂಟು ಎರಡರಲ್ಲೂ ಒಂದೇ. 10 ಓಮ್‌ನದರಲ್ಲಿ 1.4 ವ್ಯಾಟ್, 22 ಓಮ್‌ನದರಲ್ಲಿ 3.1 ವ್ಯಾಟ್. ದೊಡ್ಡದೇ ಹೆಚ್ಚು ಬಿಸಿ, ಮಗ ಗೆದ್ದ. ಅದೇ ಎರಡನ್ನು ಸಮಾಂತರದಲ್ಲಿ ಹಾಕಿದರೆ ಎರಡರ ಮೇಲೂ ಪೂರ್ತಿ 12 ವೋಲ್ಟ್ ಇರುತ್ತದೆ. 10 ಓಮ್‌ನದರಲ್ಲಿ 14.4 ವ್ಯಾಟ್, 22 ಓಮ್‌ನದರಲ್ಲಿ ಸುಮಾರು 6.5 ವ್ಯಾಟ್. ಈಗ ಚಿಕ್ಕದೇ ಹೆಚ್ಚು ಬಿಸಿ. ಎರಡಕ್ಕೂ ಸಮಾನವಾಗಿರುವುದು ಕರೆಂಟೋ ವೋಲ್ಟೋ ಎಂದು ಮೊದಲು ನೋಡಿ, ಆಮೇಲೆ ಸೂತ್ರಕ್ಕೆ ಕೈಹಾಕಿ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಪ್ರತಿ ಬೇಸಿಗೆಯಲ್ಲೂ ಸಾಕ್ಷಿ ಸಿಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಎಲ್ಲ ತೋಟಗಳಲ್ಲೂ ಒಟ್ಟಿಗೆ ಸ್ಪ್ರಿಂಕ್ಲರ್ ಓಡುತ್ತದೆ, ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಬಿದ್ದುಹೋಗುತ್ತದೆ. ಆಗ ಸ್ನಾನದ ನೀರಿಗೆ ಇಳಿಬಿಟ್ಟ 1500 ವ್ಯಾಟ್‌ನ ಕಾಯಿಲ್ ಸಪ್ಪೆಯಾಗುತ್ತದೆ. 230 ವೋಲ್ಟಿಗೆಂದು ಮಾಡಿದ ಅದರ ರೋಧ ಸುಮಾರು 35 ಓಮ್, ಅದು ಹೆಚ್ಚುಕಡಿಮೆ ಬದಲಾಗುವುದಿಲ್ಲ. 180 ವೋಲ್ಟ್ ಸಿಕ್ಕಿದರೆ ಬರುವುದು ಸುಮಾರು 920 ವ್ಯಾಟ್ ಅಷ್ಟೇ. ವೋಲ್ಟ್ ಕಾಲು ಭಾಗಕ್ಕಿಂತ ಕಡಿಮೆ ಇಳಿದಿದ್ದರೂ ಶಾಖ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿರುತ್ತದೆ, ವರ್ಗದ ಗುಣವೇ ಅದು.

ಅದೇ ಹೊತ್ತಿಗೆ ಕೆರೆಯ ಪಕ್ಕದ ಪಂಪಿನ ಮೋಟಾರು ಸುಡುತ್ತಿರುತ್ತದೆ! ಎತ್ತಬೇಕಾದ ನೀರಿನ ಹೊರೆ ಹಾಗೆಯೇ ಇರುವುದರಿಂದ ವೋಲ್ಟ್ ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು 20 ಪ್ರತಿಶತ ಏರಿದರೆ ಸುರುಳಿಯ ತಾಮ್ರದಲ್ಲಿ ಹುಟ್ಟುವ ಶಾಖ 44 ಪ್ರತಿಶತ ಏರುತ್ತದೆ. ಅಂಥ ಮೋಟಾರು ಅಂಗಡಿಗೆ ಬಂದಾಗ ಮುಚ್ಚಳ ಬಿಚ್ಚುವ ಮೊದಲೇ ಸುಟ್ಟ ವಾರ್ನಿಷಿನ ಘಾಟು ಮೂಗಿಗೆ ಹೊಡೆಯುತ್ತದೆ. ಜೇನಿನ ಬಣ್ಣದ ಎನಾಮೆಲ್ ಕಪ್ಪಾಗಿ, ಉಗುರು ತಾಗಿಸಿದರೆ ಸಿಪ್ಪೆ ಏಳುತ್ತದೆ. ಸ್ಲಾಟಿನ ಕಾಗದ ಪುಡಿಪುಡಿ. ರೈತರು "ವೋಲ್ಟೇಜ್ ಕಡಿಮೆ ಇತ್ತು, ಸುಡಲು ಹೇಗೆ ಸಾಧ್ಯ?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾಯಿಲಿನ ಲೆಕ್ಕವನ್ನು ಮೋಟಾರಿಗೂ ಹಾಕುತ್ತಾರೆ, ಅಷ್ಟೇ. ಶಾಖ ಕರೆಂಟಿನ ವರ್ಗದಂತೆ ಏರುತ್ತದೆ ಎಂಬುದನ್ನು ಜೂಲ್ 1841ರಲ್ಲಿ ಪ್ರಕಟಿಸಿದ. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದು ಕಂಡುಕೊಂಡದ್ದು.

ಇನ್ನು ನಿಮ್ಮ ಪೆಟ್ಟಿಗೆ. ನಾಲ್ಕನ್ನೂ ಸರಣಿಯಲ್ಲಿ ಹಾಕಿದರೆ 40 ಓಮ್, 0.3 ಆಂಪಿಯರ್, ಒಟ್ಟು 3.6 ವ್ಯಾಟ್. ಅಷ್ಟು ದೊಡ್ಡ ಪೆಟ್ಟಿಗೆಗೆ ಏನೂ ಸಾಲದು. ನಾಲ್ಕನ್ನೂ ಸಮಾಂತರದಲ್ಲಿ ಹಾಕಿದರೆ 2.5 ಓಮ್, 4.8 ಆಂಪಿಯರ್, ಒಟ್ಟು 57.6 ವ್ಯಾಟ್. ಒಂದೊಂದರ ಪಾಲಿಗೆ 14.4 ವ್ಯಾಟ್. ಮೈಮೇಲೆ 10 ವ್ಯಾಟ್ ಎಂದು ಬರೆದಿರುವ ರೆಸಿಸ್ಟರಿಗೆ ಇದು ಕೊಲೆ. ಹೀಗೆ ಎಂದೂ ಜೋಡಿಸಬೇಡಿ.

ಎರಡೆರಡನ್ನು ಸರಣಿಯಲ್ಲಿ ಸೇರಿಸಿ, ಆ ಎರಡು ಜೊತೆಗಳನ್ನು ಸಮಾಂತರವಾಗಿ ಬ್ಯಾಟರಿಗೆ ಕೊಡಿ. ಒಂದು ಜೊತೆ 20 ಓಮ್, ಎರಡು ಜೊತೆ ಸೇರಿ ಮತ್ತೆ 10 ಓಮ್. 1.2 ಆಂಪಿಯರ್, ಒಟ್ಟು 14.4 ವ್ಯಾಟ್, ಒಂದೊಂದಕ್ಕೆ 3.6 ವ್ಯಾಟ್. ತಾಳೆ ನೋಡಲು ಬಿಡಿಬಿಡಿ ವ್ಯಾಟುಗಳನ್ನು ಕೂಡಿ: 3.6 ನಾಲ್ಕು ಸಲ 14.4. ಬ್ಯಾಟರಿ ಕಡೆಯಿಂದ 12 ಗುಣಿಸು 1.2, ಅದೂ 14.4. ಎಷ್ಟೇ ಗೋಜಲಿನ ಸರ್ಕೀಟಿದ್ದರೂ ಈ ತಾಳೆ ಸಿಗಲೇಬೇಕು.

ಒಂದು ಎಚ್ಚರಿಕೆ. 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ 14.4 ವೋಲ್ಟ್‌ವರೆಗೂ ಹೋಗುತ್ತದೆ. ಆಗ ಒಟ್ಟು ಶಾಖ 20.7 ವ್ಯಾಟ್, ಒಂದೊಂದಕ್ಕೆ 5.2. ಬರೆದಿರುವ 10 ವ್ಯಾಟಿನ ಅರ್ಧಕ್ಕೆ ಬಂದಿತು, ಅಲ್ಲಿಗೆ ನಿಲ್ಲಿಸಿ. ಆ 10 ವ್ಯಾಟ್ ಎನ್ನುವುದು ಗಾಳಿ ಚೆನ್ನಾಗಿ ಆಡುವಲ್ಲಿ ತಡೆದುಕೊಳ್ಳುವ ಮಿತಿ. ಅಷ್ಟು ಕೊಟ್ಟರೆ ಮುಟ್ಟಿದ ಬೆರಳು ಸುಡುತ್ತದೆ, ಹತ್ತಿರದ ಕಾಗದ ಕಂದುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅರ್ಧವೇ ಹೆಚ್ಚು. ಕಾಲು ವ್ಯಾಟಿನ ಸಣ್ಣ ಬಣ್ಣಪಟ್ಟಿ ರೆಸಿಸ್ಟರುಗಳನ್ನಂತೂ ಈ ಕೆಲಸಕ್ಕೆ ತರಲೇಬೇಡಿ.

ನಾಪೋಕ್ಲು ತೋಟದಮನೆ:

ಬಹಳ ಉಪಕಾರವಾಯಿತು. ಮಗ ಕಾಗದದ ಮೇಲೆ ಎರಡೂ ಸೂತ್ರಗಳಲ್ಲಿ ಲೆಕ್ಕ ಹಾಕಿ ತಾಳೆ ನೋಡಿದ, ಸರಿಯಾಗಿ ಬಂತು. ಇನ್ನೆರಡು ಸಂಶಯ. 14 ವ್ಯಾಟ್ ಶಾಖದಿಂದ ಬೂಷ್ಟು ನಿಲ್ಲುವುದೇ? ಕರೆಂಟಿಲ್ಲದ ದಿನ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ? ಬ್ಯಾಟರಿಯಿಂದ ಪೆಟ್ಟಿಗೆ ಸುಮಾರು 10 ಮೀಟರ್ ದೂರವಿದೆ.

ಕುಶಾಲನಗರ ಸೋಲಾರ್:

ದೂರದ ಮಾತಿಗೆ ನಾನು ಉತ್ತರಿಸುತ್ತೇನೆ. ತಂತಿಯೂ ಒಂದು ರೆಸಿಸ್ಟರೇ. 1 ಚದರ ಮಿಲಿಮೀಟರಿನ ತಾಮ್ರದ ವೈರು ಹೋಗಿ ಬರಲು 20 ಮೀಟರ್ ಆದರೆ ಅದರ ರೋಧ ಸುಮಾರು 0.34 ಓಮ್. ಗೋಣಿಕೊಪ್ಪದವರು ಹೇಳಿದ ಜೋಡಣೆಯಲ್ಲಿ ವೈರಿನಲ್ಲಿ ಕಳೆಯುವುದು ಅರ್ಧ ವ್ಯಾಟ್, ಚಿಂತೆಯಿಲ್ಲ. ನಾಲ್ಕನ್ನೂ ಸಮಾಂತರಕ್ಕೆ ಹಾಕಿದ್ದರೆ ವೈರೇ 6 ವ್ಯಾಟ್ ತಿನ್ನುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗಲೂ ಇದೇ ಲೆಕ್ಕ: ವೋಲ್ಟನ್ನು ಬಹಳ ಏರಿಸಿ ಕರೆಂಟನ್ನು ಇಳಿಸಿದ್ದರಿಂದಲೇ ಅಷ್ಟು ದೂರದ ತಂತಿಯಲ್ಲಿ ನಷ್ಟ ಹಿಡಿತದಲ್ಲಿ ಉಳಿಯಿತು.

ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್ ಹಾಕಿ. ಹೆಗ್ಗಣ ವೈರು ಕಡಿದು ಎರಡು ತಂತಿ ತಾಗಿದರೆ ಆ ಬ್ಯಾಟರಿ ನೂರಾರು ಆಂಪಿಯರ್ ಕೊಟ್ಟುಬಿಡುತ್ತದೆ. ಆಗ ಬೆಂಕಿ ಹೊತ್ತುವುದು ಪೆಟ್ಟಿಗೆಯಲ್ಲಿ ಅಲ್ಲ, ಗೋಡೆಯುದ್ದಕ್ಕೂ.

ರಿವೈಂಡಿಂಗ್ ಅಂಗಡಿ, ಗೋಣಿಕೊಪ್ಪ:

ಫ್ಯೂಸಿನ ಮಾತು ನಾನೇ ಮೊದಲು ಹೇಳಬೇಕಿತ್ತು. ಅದಿಲ್ಲದೆ ಇಡೀ ಕೆಲಸಕ್ಕೆ ಕೈಹಾಕಬೇಡಿ.

ಬೂಷ್ಟಿನ ವಿಷಯ: ಶಾಖ ತೇವವನ್ನು ಓಡಿಸುವುದಿಲ್ಲ, ಗಾಳಿಯ ಹಿಡಿಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಜುಲೈಯಲ್ಲಿ ಕೋಣೆ 20 ಡಿಗ್ರಿ, ತೇವಾಂಶ 95 ಪ್ರತಿಶತ ಇದೆ ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯೊಳಗೆ 26 ಡಿಗ್ರಿಗೆ ಬಂದರೆ ತೇವಾಂಶ ಸುಮಾರು 66 ಪ್ರತಿಶತಕ್ಕೆ ಇಳಿಯುತ್ತದೆ, ಬೂಷ್ಟು ಬೆಳೆಯಲು ಕಷ್ಟಪಡುವ ಮಟ್ಟ ಅದು. ಆ 6 ಡಿಗ್ರಿ ನಿಮಗೆ ಸಿಗುವುದೇ ಎಂಬುದು ಹಲಗೆಯ ದಪ್ಪ, ಸಂದುಗಳ ಮೇಲೆ ನಿಂತಿದೆ. ಚಿಕ್ಕದೊಂದು ತೇವಾಂಶ ಮಾಪಕವನ್ನು ಒಳಗಿಟ್ಟು ಒಂದು ರಾತ್ರಿ ಕಳೆದು ನೋಡಿ. ಪೆಟ್ಟಿಗೆಯನ್ನು ಮಳೆ ಬಡಿಯುವ ಗೋಡೆಗೆ ತಾಗಿಸಬೇಡಿ, ಗಳಿಸಿದ ಶಾಖವನ್ನು ಗೋಡೆ ಕುಡಿಯುತ್ತದೆ.

ಬ್ಯಾಟರಿ: 12 ಗುಣಿಸು 150, ಅಂದರೆ 1800 ವ್ಯಾಟ್-ಅವರ್. ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿ, 900. 14.4 ವ್ಯಾಟ್ ದಿನಕ್ಕೆ ಸುಮಾರು 346 ವ್ಯಾಟ್-ಅವರ್ ತಿನ್ನುವುದರಿಂದ ಎರಡೂವರೆ ದಿನ. ದೀಪ ಉರಿಸಿದರೆ ಅದಕ್ಕೂ ಕಡಿಮೆ. ಹಾಗಾಗಿ ಒಂದು ಜೊತೆಗೆ ಸ್ವಿಚ್ ಕೊಡಿ. ಕರೆಂಟು ಹೋದಾಗ ಅದನ್ನು ಆರಿಸಿದರೆ ಉಳಿದ ಜೊತೆ 7.2 ವ್ಯಾಟ್‌ನಲ್ಲಿ ನಡೆಯುತ್ತದೆ, ಐದು ದಿನ ಬರುತ್ತದೆ. ಉಳಿದ ಜೊತೆಯ ರೆಸಿಸ್ಟರುಗಳ ಶಾಖ ಬದಲಾಗುವುದಿಲ್ಲ, ಮೊದಲಿನಂತೆ 3.6 ವ್ಯಾಟೇ. ಸಮಾಂತರದಲ್ಲಿ ಒಬ್ಬರು ಹೊರಟರೆ ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ. ಸರಣಿಯಲ್ಲಿ ಒಂದು ಕಡಿದರೆ ಆ ಜೊತೆ ಪೂರ್ತಿ ನಿಲ್ಲುತ್ತದೆ, ಅದೂ ಒಳ್ಳೆಯದೇ.

ರೆಸಿಸ್ಟರುಗಳನ್ನು ತಳದಲ್ಲಿ, ಒಂದು ಟೈಲ್ಸ್ ತುಂಡಿನ ಮೇಲೆ ನಾಲ್ಕು ಬೆರಳು ಬಿಟ್ಟು ಬಿಟ್ಟು ಕೂರಿಸಿ. ಮೇಲೆ ತಂತಿಬಲೆ ಇರಲಿ, ಕಾಗದದ ಕಟ್ಟು ಜಾರಿ ಬೀಳಬಾರದು. ಬಲೆಗೂ ವಸ್ತುಗಳಿಗೂ ಕನಿಷ್ಠ ಒಂದು ಗೇಣು ಅಂತರ. ತಳದ ಒಂದು ಮೂಲೆಯಲ್ಲಿ, ಮುಚ್ಚಳದ ಹತ್ತಿರ ಎದುರು ಮೂಲೆಯಲ್ಲಿ ಪೆನ್ಸಿಲ್ ದಪ್ಪದ ಒಂದೊಂದು ತೂತು.

ನಾಪೋಕ್ಲು ತೋಟದಮನೆ:

ಫ್ಯೂಸ್ ಮತ್ತು ಸ್ವಿಚ್ಚನ್ನು ಶನಿವಾರ ವಿರಾಜಪೇಟೆಯಿಂದ ತರುತ್ತೇನೆ. 22 ಓಮ್‌ನದನ್ನು ಮಗ ಪ್ರಯೋಗಕ್ಕೆಂದು ಎತ್ತಿಟ್ಟುಕೊಂಡಿದ್ದಾನೆ. ಸರಣಿ, ಸಮಾಂತರ ಎರಡರಲ್ಲೂ ಯಾವುದು ಹೆಚ್ಚು ಬಿಸಿ ಎಂದು ತಾನೇ ಥರ್ಮಾಮೀಟರ್ ಇಟ್ಟು ನೋಡುತ್ತಾನಂತೆ.

ರಿವೈಂಡಿಂಗ್ ಅಂಗಡಿ, ಗೋಣಿಕೊಪ್ಪ:

ನೋಡಲಿ. ಸಮಾಂತರದಲ್ಲಿ ನೋಡುವಾಗ 10 ಓಮ್‌ನದಕ್ಕೆ 14.4 ವ್ಯಾಟ್ ಹೋಗುತ್ತದೆ ಎಂಬುದನ್ನು ಮರೆಯದಿರಲಿ. 12ರ ಬದಲು 6 ವೋಲ್ಟಿನ ಅಡಾಪ್ಟರಿನಲ್ಲಿ ಮಾಡಿದರೆ ಅದೇ 3.6 ವ್ಯಾಟ್ ಆಗುತ್ತದೆ, ಯಾವುದು ಹೆಚ್ಚು ಬಿಸಿ ಎಂಬ ಉತ್ತರ ಬದಲಾಗುವುದಿಲ್ಲ. ಅಡಾಪ್ಟರ್ ಕನಿಷ್ಠ 1 ಆಂಪಿಯರಿನದಾಗಿರಲಿ.